ಸೋತ ಮೆಂಬರು ಮತ್ತು ಆರು ಲೇನಿನ ರಸ್ತೆ

ಹೋದ ತಿಂಗಳು ಸ್ಕಾರ್‌ಬರೋದ ನಮ್ಮ ಪ್ಲಾಜಾದ ದೇಸಿ ಅಂಗಡಿಯಲ್ಲಿ ಬಿಳಿ ಗಡ್ಡದವರೊಬ್ಬರು ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದರು. ನಮ್ಮ ಅತ್ತೆ ಸೀದಾ ಹೋಗಿ ಅವರ ಜಾಕೆಟ್ ತೋಳು ಹಿಡಿದುಕೊಂಡರು.

"ಮೆಂಬರೇ, ನಮ್ಮ ಸಿಗ್ನಲ್ ಎಂತಾಯ್ತು?"

ಕೇಳಿದ್ದು ಕನ್ನಡದಲ್ಲಿ. ಆ ಮನುಷ್ಯನಿಗೆ ಅರ್ಥವಾಗಿದ್ದರೆ 'ಸಿಗ್ನಲ್' ಒಂದೇ. ನನಗೆ ಅಕ್ಕಿ ಮೂಟೆಗಳ ಹಿಂದೆ ಅಡಗಿಕೊಳ್ಳೋಣ ಅನ್ನಿಸಿತು. ಯಾಕೆಂದರೆ ಅವರು ಈಗ ಮೆಂಬರೇ ಅಲ್ಲ. ಹೋದ ಅಕ್ಟೋಬರಿನ ಸಿಟಿ ಎಲೆಕ್ಷನ್‌ನಲ್ಲಿ ಸೋತು ಮನೆಗೆ ಹೋದವರು.

ಅತ್ತೆಯ ಬಗ್ಗೆ ಸ್ವಲ್ಪ ಹೇಳಬೇಕು. ಕಾರ್ಕಳದ ಕಡೆಯವರು, ಮನೆಮಾತು ತುಳು. ಮೈಸೂರಿನವಳಾದ ನನಗೆ ತುಳು ಇವತ್ತಿಗೂ ನಾಲಿಗೆಗೆ ಹತ್ತಿಲ್ಲ. ಹಾಗಾಗಿ ನಮ್ಮಿಬ್ಬರ ಜಗಳ, ರಾಜಿ ಎಲ್ಲ ಕನ್ನಡದಲ್ಲೇ. ಊರಲ್ಲಿ ಎರಡು ಅವಧಿ ಗ್ರಾಮ ಪಂಚಾಯ್ತಿ ಮೆಂಬರಾಗಿದ್ದರು. (ಮೂರನೇ ಸಲ ಸೋತರು. ಆದರೇನಂತೆ? ಊರಿನವರು ವಾಟ್ಸಾಪಲ್ಲಿ ಇವತ್ತಿಗೂ ಕರೆಯುವುದು 'ಮೆಂಬರಕ್ಕ' ಅಂತಲೇ.)

ಈಗ ಸಿಗ್ನಲ್ ಕಥೆ. ನಮ್ಮ ಬಿಲ್ಡಿಂಗ್ ಮುಂದೆ ಆರು ಲೇನಿನ ರಸ್ತೆ. ಆಚೆ ಬದಿಗೆ ಬಸ್ ಸ್ಟಾಪು, ಅದರ ಪಕ್ಕದಲ್ಲೇ ಕಮ್ಯುನಿಟಿ ಸೆಂಟರು. ಅಲ್ಲಿ ಬೆಳಗಿನ ಹೊತ್ತು ವಯಸ್ಸಾದವರು ಸೇರುತ್ತಾರೆ. ಜಾಫ್ನಾದ ಒಬ್ಬ ಅಜ್ಜಿ, ಒಬ್ಬರು ಗುಜರಾತಿ ಬೆನ್, ನಮ್ಮತ್ತೆ, ಈ ಮೂವರದ್ದು ಒಂದು ಗುಂಪು. ಮೂವರಿಗೂ ಬರುವ ಒಂದು ಭಾಷೆ ಅಂತ ಇಲ್ಲ. ಮಾತು ಮಾತ್ರ ಮುಗಿಯುವುದಿಲ್ಲ.

ರಸ್ತೆ ದಾಟುವ ಸಿಗ್ನಲ್ ಇರುವುದು ಎಲ್ಲೋ ದೂರದಲ್ಲಿ. ಅಲ್ಲಿಯವರೆಗೆ ನಡೆದು, ದಾಟಿ, ಮತ್ತೆ ಅಷ್ಟೇ ದೂರ ಹಿಂದಕ್ಕೆ ಬರಬೇಕು. ಮಂಡಿ ನೋವಿನ ಹೆಂಗಸು ಹಿಮದಲ್ಲಿ ಇದನ್ನು ಮಾಡುತ್ತಾರಾ? ಎಲ್ಲರ ಹಾಗೆ ಅತ್ತೆಯೂ ನಡುರಸ್ತೆಗೇ ನುಗ್ಗುತ್ತಿದ್ದರು. ಜನವರಿಯಲ್ಲಿ ಒಂದು ಟ್ರಕ್ ಕೂದಲೆಳೆಯಲ್ಲಿ ತಪ್ಪಿತು. ಅವತ್ತೇ ನನ್ನ ಗಂಡ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ, ಅಮ್ಮ ಇನ್ನು ಒಬ್ಬರೇ ಆ ರಸ್ತೆ ದಾಟುವ ಹಾಗಿಲ್ಲ ಅಂತ.

ಅಲ್ಲಿಂದ ಅತ್ತೆ ಕಿಟಕಿ ಹಿಡಿದು ಕೂತರು. ನಾವಿಬ್ಬರೂ ಕೆಲಸಕ್ಕೆ, ಮಗಳು ಸ್ಕೂಲಿಗೆ. ಸೆಂಟರು ಕಣ್ಣೆದುರೇ ಕಾಣುತ್ತದೆ, ಹೋಗುವ ಹಾಗಿಲ್ಲ. ಒಂದು ದಿನ ಬೀನ್ಸ್ ಹೆಚ್ಚುತ್ತಾ ಹೇಳಿದರು: "ನನಗೆ ಇಲ್ಲಿ ಉಸಿರು ಕಟ್ಟುತ್ತದೆ ಮಾರಾಯ್ತಿ. ಸಿಗ್ನಲ್ ಆಗುವುದಾದರೆ ಇರ್ತೇನೆ. ಇಲ್ಲದಿದ್ದರೆ ಊರಿಗೆ ಟಿಕೆಟ್ ಮಾಡು."

ನನಗೆ ಸಂಕಟವಾಯಿತು. ಅತ್ತೆ-ಸೊಸೆ ಅಂದರೆ ನೀವು ಏನು ಬೇಕಾದರೂ ಅಂದುಕೊಳ್ಳಿ. ಈ ಹೆಂಗಸು ಹೊರಟುಹೋದರೆ ನಮ್ಮ ಮನೆ ಬಿಕೋ ಅನ್ನುತ್ತದೆ.

ನಮ್ಮ ಬಿಲ್ಡಿಂಗ್ ಎದುರಿಗೇ ಒಂದು ಸಿಗ್ನಲ್ ಬೇಕು ಅಂತ ನಾವು ಕೇಳಿದ್ದು ಎರಡು ವರ್ಷದ ಹಿಂದೆ. ಆಗ ಕೊತ್ತಂಬರಿ ಸೊಪ್ಪಿನವರೇ ನಮ್ಮ ವಾರ್ಡಿನ ಕೌನ್ಸಿಲರ್. ಫೋನ್ ಮಾಡಿದ ವಾರದಲ್ಲೇ ಬಂದರು. ಅತ್ತೆ ಜೊತೆ ತಾವೂ ದಾಟಲು ಹೋಗಿ ರಸ್ತೆ ಮಧ್ಯೆ ಸಿಕ್ಕಿಹಾಕಿಕೊಂಡರು. ಇನ್ನು ವಿವರಿಸುವುದೇನಿತ್ತು? ಸಿಟಿಯಿಂದ ಜನ ಬಂದು ಅಳತೆ ಮಾಡಿಕೊಂಡು ಹೋದರು.

ಇನ್ನೇನು ಆಗೇಬಿಟ್ಟಿತು ಅನ್ನುವಾಗ ಎಲೆಕ್ಷನ್ ಬಂತು. ಅರ್ಧ ಪ್ರಚಾರ ಮುಗಿದಿತ್ತು, ಆಗ ಪ್ರಾಂತ್ಯದ ಸರ್ಕಾರ ವಾರ್ಡಿಗೆ ವಾರ್ಡು ಅಂಟಿಸಿತು. ಸಿಟಿಗೆ ನಲವತ್ತೇಳು ಮೆಂಬರು ಆಗಬೇಕಿದ್ದದ್ದು ಇಪ್ಪತ್ತೈದಾಯಿತು. ಖರ್ಚು ಉಳಿಯುತ್ತದಂತೆ, ಕೆಲಸ ಬೇಗ ಆಗುತ್ತದಂತೆ. ಒಂದೇ ವಾರ್ಡಿಗೆ ಇಬ್ಬರು ಹಾಲಿ ಕೌನ್ಸಿಲರುಗಳು ನಿಂತರು. ನಮ್ಮವರು ಸೋತರು.

ಗೆದ್ದವರು ಕೆಟ್ಟವರೇನಲ್ಲ. ಪಾಪ, ಒಬ್ಬರ ತಲೆಗೆ ಲಕ್ಷದ ಮೇಲೆ ಜನ. ನಾನು ಫೋನ್ ಮಾಡಿದಾಗಲೆಲ್ಲ ಅವರ ಆಫೀಸಿನ ಹುಡುಗಿ ತುಂಬಾ ಮರ್ಯಾದೆಯಿಂದ, ಅದು ಹಳೇ ವಾರ್ಡಿನ ವಿಷಯ, ನೋಡುತ್ತೇವೆ ಅನ್ನುತ್ತಾಳೆ. ಲಕ್ಷ ಜನ ಅಂದದ್ದಕ್ಕೆ ಅತ್ತೆ ನಕ್ಕುಬಿಟ್ಟರು.

"ನಮ್ಮಲ್ಲಿ ಇನ್ನೂರು ಮುನ್ನೂರು ಮನೆಗೆ ಇಬ್ಬರು ಮೆಂಬರು. ಯಾರ ಮನೆ ದನ ಕರು ಹಾಕಿದೆ ಅಂತಲೂ ಗೊತ್ತಿರ್ತದೆ."

ಸರಿ, ಮತ್ತೆ ಅಂಗಡಿಗೆ ಬರೋಣ. ನಾನು ಓಡಿಹೋಗಿ ಸಾರಿ ಕೇಳಿದೆ. ಅವರಿಗೆ ಅತ್ತೆಯ ಗುರುತು ಹತ್ತಿತ್ತು. ನಕ್ಕು, "ಆಂಟಿ, ನಾನೀಗ ನಿಮ್ಮ ಕೌನ್ಸಿಲರ್ ಅಲ್ಲ" ಅಂದರು. ಅದನ್ನು ಕನ್ನಡದಲ್ಲಿ ಅತ್ತೆಗೆ ಹೇಳಿದೆ.

"ಗೊತ್ತುಂಟು. ಸೋತರೆ ಎಂತ ಈಗ? ಗ್ರಾಮಸಭೆಯಲ್ಲಿ ಜೋರು ಕೇಳುವುದು ಸೋತವರೇ ಅಲ್ಲವಾ? ನಾನು ಸೋತ ಮೇಲೆಯೇ ನಮ್ಮ ಕಾಲೊನಿಗೆ ನಳ್ಳಿ ನೀರು ಬಂದದ್ದು. ಹೇಳು ಅವರಿಗೆ."

ಹೇಳಿದೆ. (ಸ್ವಲ್ಪ ಸಕ್ಕರೆ ಬೆರೆಸಿ.)

ಆ ಮನುಷ್ಯ ಸೊಪ್ಪಿನ ಕಟ್ಟನ್ನು ಬುಟ್ಟಿಗೆ ಹಾಕಿದರು. ಸೋತ ಮೇಲೆ ತನ್ನನ್ನು ಯಾರೂ ಏನೂ ಕೇಳಿಲ್ಲ ಅಂದರು. ಆಮೇಲೆ ಒಂದು ದಾರಿ ತೋರಿಸಿದರು. ಸ್ಕಾರ್‌ಬರೋ ಭಾಗದ ಕೌನ್ಸಿಲರುಗಳೆಲ್ಲ ಕೂರುವ ಒಂದು ಸಭೆ ಇದೆ, ನಮ್ಮಂಥವರೂ ಹೆಸರು ಕೊಟ್ಟು ಐದು ನಿಮಿಷ ಮಾತಾಡಬಹುದು. ಸಿಗ್ನಲ್ ವಿಷಯವನ್ನು ಆ ಸಭೆಗೆ ತರಬೇಕೆಂದು ತನ್ನನ್ನು ಸೋಲಿಸಿದವರಿಗೆ ಇವರೇ ಫೋನ್ ಮಾಡಿದರು. ಅವರೂ ಒಪ್ಪಿದರು.

ಈ ಮಂಗಳವಾರ ಸಭೆ. ಅತ್ತೆ ಗಂಜಿ ಹಾಕಿದ ಕಾಟನ್ ಸೀರೆ ಉಟ್ಟು, ಕೆಳಗೆ ಸ್ನೋ ಬೂಟು ಹಾಕಿಕೊಂಡು ಹೊರಟರು. ಮೈಕಿನ ಮುಂದೆ ಅವರು ಕನ್ನಡದಲ್ಲಿ, ನಾನು ಇಂಗ್ಲಿಷಿನಲ್ಲಿ. ಐದು ನಿಮಿಷ ಮುಗಿಯಿತು. ಅಧ್ಯಕ್ಷರು ಥ್ಯಾಂಕ್ಯೂ ಅಂದರು. ಇಲ್ಲಿ ಥ್ಯಾಂಕ್ಯೂ ಅಂದರೆ ಹೋಗಿ ಕೂತುಕೊಳ್ಳಿ ಅಂತ. ಅತ್ತೆ ಅಲ್ಲಾಡಲಿಲ್ಲ.

"ಯಾವಾಗ ಅಂತ ಹೇಳಲಿ, ಕೂತುಕೊಳ್ತೇನೆ. ಊರಲ್ಲಿ ನನ್ನ ಹತ್ತಿರವೂ ಹೀಗೇ ಕೇಳ್ತಿದ್ದರು."

ನನ್ನ ಮುಖ ಕೆಂಪಾಯಿತು. ಆದರೂ ಹೇಳಿದೆ. ಸಭೆಯಲ್ಲಿ ಗುಸುಗುಸು. ಹಿಂದಿನ ಸಾಲಲ್ಲಿ ಕೂತಿದ್ದ ಸೋತ ಮೆಂಬರು ಒಬ್ಬರೇ ಚಪ್ಪಾಳೆ ತಟ್ಟಿದರು. ಕೊನೆಗೆ ಹೊಸ ಕೌನ್ಸಿಲರ್ ಮೈಕ್ ಎಳೆದುಕೊಂಡು, ಈ ವರ್ಷ ಹಿಮ ಬೀಳುವುದರೊಳಗೆ ವರದಿ ತರಿಸುತ್ತೇನೆ ಅಂದರು. ಸಿಗ್ನಲ್ ಅಲ್ಲ, ಬರೀ ವರದಿ. ಅತ್ತೆ ಒಂದು ಸಲ ಅವರ ಮುಖ ನೋಡಿ, ಹೋಗಿ ಕೂತರು.

ವಾಪಸ್ ಬರುವಾಗ ಬಸ್ಸಲ್ಲಿ, "ಟಿಕೆಟ್ ಈಗ ಬೇಡ. ಹಿಮ ಬೀಳುವವರೆಗೆ ನೋಡುವಾ" ಅಂದರು. ನನಗೆ ಅಳು ಬಂತು, ಕಿಟಕಿ ಕಡೆ ತಿರುಗಿಕೊಂಡೆ.

ಸೆಂಟರಿನ ಎದುರು ಇಳಿದೆವು. ಆಚೆ ನಮ್ಮ ಬಿಲ್ಡಿಂಗ್. ನಡುವೆ ಅದೇ ರಸ್ತೆ, ಅದೇ ಟ್ರಕ್ಕುಗಳು. ಅತ್ತೆ ನನ್ನ ತೋಳು ಹಿಡಿದು ದೂರದ ಸಿಗ್ನಲ್ ಕಡೆಗೆ ಕುಂಟುತ್ತಾ ಹೊರಟರು. ಅರ್ಧ ದಾರಿಯಲ್ಲಿ ನಿಂತು, ಮಂಡಿ ನೀವಿಕೊಳ್ಳುತ್ತಾ ಕೇಳಿದರು:

"ಮೆಂಬರುಗಳನ್ನು ಅರ್ಧ ಮಾಡ್ಲಿಕ್ಕೆ ಬಂದವರಿಗೆ ಈ ರಸ್ತೆ ಅರ್ಧ ಮಾಡ್ಲಿಕ್ಕೆ ಎಂತ ಕಷ್ಟ?"