ಪರ್ವಿಸ್ ಮೇಷ್ಟ್ರ ಹಲಗೆ

ನಮ್ಮ ಮಿಸಿಸಿಪಿಯ ಪೈನ್‌ಬ್ರಾಂಚ್ ಊರಿನ ಗಂಡಸರಲ್ಲಿ ಮುಕ್ಕಾಲು ಪಾಲು ಜನರ ಅಂಡಿನ ಪರಿಚಯ ಡೆಲ್ಬರ್ಟ್ ಪರ್ವಿಸ್ ಮೇಷ್ಟ್ರಿಗಿತ್ತು. ಮೂವತ್ತೊಂದು ವರ್ಷ ಅವರು ಹೈಸ್ಕೂಲಿನ ಉಪಮುಖ್ಯೋಪಾಧ್ಯಾಯರು. ತಪ್ಪು ಮಾಡಿದವರ ಅಂಡಿಗೆ ಬಾರಿಸುವ ಮರದ ಹಲಗೆಯನ್ನು ತಾವೇ ಕೂತು ಉಜ್ಜಿ ಮಾಡಿದ್ದರು. ಬೀಸುವಾಗ ಗಾಳಿ ತಡೆಯಬಾರದೆಂದು ಆರು ತೂತು ಬೇರೆ! ಏಟು ತಿಂದವನು ಅದರ ಮೇಲೆ ತನ್ನ ಹೆಸರು ಬರೆದು, ಮೇಷ್ಟ್ರ ಕೈ ಕುಲುಕಿ ಹೋಗಬೇಕು. ಟ್ರಾವಿಸ್ ಎಂಬ ನನ್ನ ಹೆಸರು ಅದರಲ್ಲಿ ಹದಿನಾಲ್ಕು ಕಡೆ ಇದೆ.

ತಪ್ಪು ಮಾಡಿದವನಿಗೆ ಎರಡು ದಾರಿ: ಮೂರು ಏಟು, ಇಲ್ಲವೇ ಶನಿವಾರ ಬೆಳಗ್ಗೆ ನಾಲ್ಕು ಗಂಟೆಗಳ ಕಾಲ ಶಾಲೆಯಲ್ಲಿ ತೆಪ್ಪಗೆ ಕೂರುವುದು. ಯಾರು ಬರಲಿ ಬಿಡಲಿ, ಶನಿವಾರ ಮೇಷ್ಟ್ರು ಬಾಗಿಲು ತೆರೆದು ಕೂರಲೇಬೇಕು. ಹುಡುಗರೆಲ್ಲ ಏಟನ್ನೇ ಆರಿಸುತ್ತಿದ್ದರು. "ನಮ್ ಹುಡುಗ್ರು ಗಂಡುಗಲಿಗಳು ಕಣಯ್ಯ" ಎಂದು ಮೇಷ್ಟ್ರು ಬೀಗುತ್ತಿದ್ದರು.

ಕಳೆದ ವರ್ಷ ಶಾಲಾ ಮಂಡಳಿ ಏಟಿನ ಪದ್ಧತಿಯನ್ನೇ ತೆಗೆಯಲು ಹೊರಟಿತು. ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಮೇಷ್ಟ್ರ ಎದೆ ಒಡೆಯಿತು. ಜೀವಮಾನವಿಡೀ ಮಾಡಿದ್ದು ತಪ್ಪೆಂದು ಊರೇ ಕೈಯೆತ್ತಿ ಹೇಳಿದಂತಲ್ಲವೇ? ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ನನ್ನ ಟೈರ್ ಅಂಗಡಿಗೆ ಬಂದರು.

"ನೀನು ಬಂದು ಸಾಕ್ಷಿ ಹೇಳ್ಬೇಕು ಟ್ರಾವಿಸ್. ಏಟಿನಿಂದ್ಲೇ ಮನುಷ್ಯನಾದೆ ಅಂತ."

ಇಲ್ಲ ಅನ್ನುವ ಧೈರ್ಯ ನನಗೆಲ್ಲಿ? ವಯಸ್ಸು ನಲವತ್ತೆಂಟಾದರೂ ಆ ಹಲಗೆ ಕಂಡರೆ ನನ್ನ ಕೈ ತಾನಾಗಿ ಹಿಂದಕ್ಕೆ ಹೋಗುತ್ತದೆ.

ಸಭೆಯಲ್ಲಿ ಎದ್ದು ನಿಂತು ಹಾಗೇ ಹೇಳಿದೆ. ಮಂಡಳಿಯ ಅಧ್ಯಕ್ಷೆ ಲೊರೆಟಾ, ನನ್ನ ಕ್ಲಾಸಿನವಳೇ, ಹಲಗೆಯನ್ನು ಹಿಂದುಮುಂದು ತಿರುಗಿಸಿ ನೋಡಿದಳು.

"ಏಟಿಂದ ಬುದ್ಧಿ ಬರೋ ಹಾಗಿದ್ರೆ ನಿನ್ ಹೆಸರು ಹದಿನಾಲ್ಕು ಸಲ ಯಾಕೋ ಇದೆ?"

ನನ್ನ ಕರ್ಮ, ಬಾಯಿಗೆ ನಿಜವೇ ಬಂತು. "ಶನಿವಾರ ಮೀನು ಹಿಡಿಯೋಕೆ ಹೋಗ್ಬೇಕಿತ್ತಲ್ಲ ಮಾರಾಯ್ತಿ! ಏಟು ಒಂದು ನಿಮಿಷಕ್ಕೆ ಮುಗೀತಿತ್ತು. ಹುಡುಗ್ರೆಲ್ಲ ಅದಕ್ಕೇ ತಿಂತಿದ್ವಿ."

ಸಭೆ ಗೊಳ್ಳೆಂದಿತು. ಮೇಷ್ಟ್ರ ಮುಖ ಕೆಂಪಗಾಯಿತು.

"ಉರೀತಿರ್ಲಿಲ್ವೇನೋ?"

"ಉರೀದೆ ಏನು ಸರ್? ದೋಣೀಲಿ ನಿಂತ್ಕೊಂಡೇ ಗಾಳ ಹಾಕ್ತಿದ್ವಿ."

"ನಮ್ ಕಾಲದಲ್ಲಿ ಶನಿವಾರ ಬಂದು ಕೂತವಳು ನಾನೊಬ್ಳೇ," ಎಂದಳು ಲೊರೆಟಾ. ದನಿ ಮೆತ್ತಗಾಗಿತ್ತು. "ನಾನು ಕಥೆಪುಸ್ತಕ ಓದ್ತಿದ್ದೆ. ನೀವು ಪಾಪ, ನಾಲ್ಕು ಗಂಟೇನೂ ಕಿಟಕಿಯಾಚೆ ನೋಡ್ತಾ ಕೂತಿರ್ತಿದ್ರಿ, ಸರ್."

ಮೇಷ್ಟ್ರು ಹಲಗೆಯನ್ನು ಕೈಗೆ ತೆಗೆದುಕೊಂಡು ಅದರ ಮೇಲಿನ ಹೆಸರುಗಳನ್ನು ಒಂದೊಂದಾಗಿ ನೋಡಿದರು.

"ಅಯ್ಯೋ ದೇವರೇ," ಎಂದರು ಕೊನೆಗೆ. "ಮೂವತ್ತೊಂದು ವರ್ಷ ಶಿಕ್ಷೆ ಅನುಭವಿಸಿದ್ದು ನಾನೇ ಅಂತಾಯ್ತು."

ಆಮೇಲೆ ಯಾರೂ ನಗಲಿಲ್ಲ. ಪದ್ಧತಿ ಹೋಯಿತು, ಒಂದು ಕೈಯೂ ವಿರುದ್ಧ ಏಳಲಿಲ್ಲ. ಹೊರಗೆ ಕಾರಿನ ಹತ್ತಿರ ಅವರನ್ನು ಕಂಡಾಗ ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ತಪ್ಪಾಯ್ತು ಸರ್."

"ಶನಿವಾರ ಮೀನು ಹಿಡಿಯೋಕೆ ಎಷ್ಟು ಗಂಟೆಗೆ ಹೊರಡ್ತೀಯೋ?"

"ಐದಕ್ಕೆ, ಸರ್."

"ನಾನೂ ಬರ್ತೀನಿ. ಪೆನ್ನು ಕೊಡಿಲ್ಲಿ."

ಹಲಗೆಯನ್ನು ಕಾರಿನ ಮೇಲಿಟ್ಟು, ಖಾಲಿ ಉಳಿದಿದ್ದ ಮೂಲೆಯಲ್ಲಿ ತಮ್ಮ ಹೆಸರು ಬರೆದರು. ಬರೆದು, ನನ್ನ ಕೈ ಕುಲುಕಿ ಹೋದರು.