ಗ್ಲೆನಿಸ್ ನಂಬದ ನೆರಳು

ಗ್ಲೆನಿಸ್ ಮ್ಯಾಡಕ್ ಆಸ್ಟ್ರೇಲಿಯದ ವೊಲೊಂಗಾಂಗ್ ಊರಿನ ಒಂದು ಆಸ್ಪತ್ರೆಯ ಶ್ವಾಸಕೋಶ ವಿಭಾಗದಲ್ಲಿ ಇಪ್ಪತ್ತಾರು ವರ್ಷ ನರ್ಸ್ ಆಗಿದ್ದಳು. ಹೊಗಳಿಕೆಗೆ ಕರಗುವವಳಲ್ಲ. ನೋಡುವುದೇ ಅವಳ ಕಸುಬು. ಅವಳು ಅವಸರಪಟ್ಟಿದ್ದನ್ನು ಯಾರೂ ಕಂಡಿಲ್ಲ.

ಆ ಮಂಗಳವಾರ ಬಂದವನು ಉಕ್ಕಿನ ಕಾರ್ಖಾನೆಯಿಂದ ನಿವೃತ್ತನಾದ ಮೆಸಿಡೋನಿಯದ ಬ್ಲಾಗೋಯ. ಅವನ ಬಲ ಶ್ವಾಸಕೋಶದ ಕೆಳಭಾಗದಲ್ಲಿ, ಬೆನ್ನಿನ ಕಡೆ, ಬಟಾಣಿಗಿಂತ ತುಸು ದೊಡ್ಡ ಗಂಟು. ಅದರ ಚೂರೊಂದನ್ನು ತೆಗೆದು, ಕ್ಯಾನ್ಸರ್ ಹೌದೋ ಅಲ್ಲವೋ ತಿಳಿಯಬೇಕಿತ್ತು.

"ಬಾಯೊಳಗೆ ಪೈಪ್ ಬಿಡ್ತೀರಂತೆ ಸಿಸ್ಟರ್. ದಾರಿ ತಪ್ಪಿದ್ರೆ?"

"ನಿನ್ನ ಸ್ಕ್ಯಾನ್ ನೋಡಿ ಕಂಪ್ಯೂಟರ್ ನಕ್ಷೆ ಮಾಡಿದೆ. ನಿನ್ನ ಹೆಂಡ್ತಿಗಿಂತ ಚೆನ್ನಾಗಿ ದಾರಿ ಹೇಳುತ್ತೆ."

"ಅದೇನು ಮಹಾ. ಅವಳ ಮಾತು ಕೇಳಿ ಸಿಡ್ನಿಗೆ ಹೊರಟೋರು ಕ್ಯಾನ್ಬೆರಾ ಸೇರಿದ್ವಿ."

ಅರಿವಳಿಕೆ ಕೊಟ್ಟು ಮುಕ್ಕಾಲು ಗಂಟೆಯಾಗಿತ್ತು. ಡಾಕ್ಟರ್ ಆನ್ಸೆಲ್ ನಕ್ಷೆಯ ಗೆರೆ ಹಿಡಿದು ನಳಿಗೆಯನ್ನು ಇಳಿಸಿದ. ಗುರಿ ಮುಟ್ಟಿತೆಂದು ಪರದೆ ಹಸಿರಾಯಿತು. ನಳಿಗೆಯ ತುದಿಯ ಅಲ್ಟ್ರಾಸೌಂಡಿನಲ್ಲೂ ದುಂಡನೆಯ ಬೂದು ನೆರಳು ಕಂಡಿತು.

"ಸಿಕ್ತು. ಸೂಜಿ ಕೊಡಿ, ಗ್ಲೆನಿಸ್."

ಗ್ಲೆನಿಸ್ ಕೊಡಲಿಲ್ಲ. ಸ್ಕ್ಯಾನ್ ತೆಗೆಯುವಾಗ ಉಸಿರು ತುಂಬಿಕೊಂಡಿದ್ದ ಶ್ವಾಸಕೋಶ, ಅರಿವಳಿಕೆಯಲ್ಲಿ ಮಲಗಿದಂತೆಲ್ಲ ಬೆನ್ನಿನ ಕಡೆ ಕುಸಿಯುತ್ತದೆ. ಕುಸಿದ ಭಾಗ ಅಲ್ಟ್ರಾಸೌಂಡಿನಲ್ಲಿ ಥೇಟ್ ಗಂಟಿನಂತೆಯೇ ಕಾಣುತ್ತದೆ. ಅಲ್ಲಿಂದ ಚೂರು ತೆಗೆದರೆ ಕ್ಯಾನ್ಸರ್ ಕಾಣಲಿಲ್ಲವೆಂದು ವರದಿ ಬಂದೀತು. ಬ್ಲಾಗೋಯ ನೆಮ್ಮದಿಯಿಂದ ಮನೆಗೆ ಹೋದಾನು. ಗಂಟು ಒಳಗೇ ಬೆಳೆದೀತು.

"ಪಕ್ಕದ ಶ್ವಾಸನಾಳದ ಕವಲಿಗೆ ಹೋಗು. ಅಲ್ಲಿ ಗಂಟಿಲ್ಲ ಅಂತ ಗೊತ್ತಲ್ಲ, ಏನು ಕಾಣುತ್ತೆ ನೋಡೋಣ."

"ಪರದೆ ಹಸಿರು ತೋರಿಸ್ತಿದೆ."

"ಪರದೆಗೆ ಗೊತ್ತಿರೋದು ಹೋದ ವಾರದ ಶ್ವಾಸಕೋಶ, ಆನ್ಸೆಲ್."

ಪಕ್ಕದ ಕವಲಿನಲ್ಲೂ ಅದೇ ನೆರಳಿತ್ತು. ಗಂಟಿಲ್ಲದ ಕಡೆಯೂ ಕಂಡಿತೆಂದರೆ ಅದು ಗಂಟಲ್ಲ, ಕುಸಿದ ಶ್ವಾಸಕೋಶ. ಅರಿವಳಿಕೆಯ ವೈದ್ಯೆ ಒತ್ತಡ ಕೊಟ್ಟು ಗಾಳಿ ತುಂಬಿ ಶ್ವಾಸಕೋಶವನ್ನು ಅರಳಿಸಿದಳು. ಎರಡೂ ಕಡೆಯ ನೆರಳು ಮಾಯವಾಯಿತು. ನಿಜವಾದ ಗಂಟು ಬೆರಳಗಲದಷ್ಟು ಮೇಲೆ ಸಿಕ್ಕಿತು. ಅಲ್ಲಿಂದ ತೆಗೆದ ಚೂರನ್ನು ಲ್ಯಾಬಿನವಳು ಕೋಣೆಯ ಮೂಲೆಯಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡಿ, "ಕ್ಯಾನ್ಸರ್ ಜೀವಕೋಶಗಳಿವೆ," ಎಂದಳು.

"ನಿಮಗೆ ಹೇಗೆ ಹೊಳೀತು?" ಎಂದ ಆನ್ಸೆಲ್.

"ಮೂರು ಸಲ ನಾನೇ ಮೋಸ ಹೋಗಿದ್ದೀನಿ. ಕೈ ತೊಳ್ಕೋ."

ಮುಂದಿನ ವಾರ ಆನ್ಸೆಲ್ ಬ್ಲಾಗೋಯನಿಗೆ ಏನೂ ಮುಚ್ಚಿಡದೆ ಹೇಳಿದ. ಕ್ಯಾನ್ಸರ್ ಹೌದು, ಚಿಕ್ಕದು, ಬೇರೆಲ್ಲೂ ಹರಡಿಲ್ಲ, ಕತ್ತರಿಸಿ ತೆಗೆಯಬಹುದು. ತಾನು ತಪ್ಪು ಜಾಗಕ್ಕೆ ಸೂಜಿ ಹಾಕುವುದರಲ್ಲಿದ್ದೆ, ಗ್ಲೆನಿಸ್ ತಡೆದಳು ಎಂಬುದನ್ನೂ ಸೇರಿಸಿದ.

ಬ್ಲಾಗೋಯ ಗ್ಲೆನಿಸ್ ಕಡೆ ತಿರುಗಿದ. "ಏನೂ ಇಲ್ಲ ಅಂದಿದ್ರೆ ಚೆನ್ನಾಗಿರ್ತಿತ್ತು ಸಿಸ್ಟರ್."

"ಚೆನ್ನಾಗಿರ್ತಿತ್ತು. ಆದ್ರೆ ಸುಳ್ಳಾಗ್ತಿತ್ತು."

ಅವನು ಕುರ್ಚಿಯನ್ನು ಆನ್ಸೆಲ್ ಕಡೆ ಎಳೆದುಕೊಂಡ. ಆಮೇಲೆ ಆಪರೇಷನ್ ಯಾವತ್ತು ಎಂದು ಕೇಳಿದ.