ಆವಾಜಿಲ್ಲದೆ ನೋಡುತ್ತಿದ್ದ ಕಾಕಾ

ನಾನು ಬಿ.ಕಾಂ. ಮುಗಿಸುವುದು ಆಗದ ಮಾತು ಎಂದವರು ನೀಲಮ್ಮ ಕಾಕಿ. "ಸಂಖ್ಯಾಶಾಸ್ತ್ರದಾಗ ಎರಡು ಸಲ ಬಿದ್ದಿ. ನಮ್ಮ ಮನಿತನಕ್ಕ ಡಿಗ್ರಿ ಬರೂದಲ್ಲ, ಬಿಡವಾ" ಎಂದಿದ್ದರು. ಮನೆಯಲ್ಲಿ ಹತ್ತನೆಯ ತರಗತಿ ದಾಟಿದವರೇ ಇರಲಿಲ್ಲ.

ಅವರ ಗಂಡ ಬಸಪ್ಪ ಕಾಕಾ ನನ್ನ ಫೋನಿಗೆ ಒಂದು ವಿಡಿಯೋ ಕಳಿಸಿದರು.

ಕಾಕಾ ಇಳಕಲ್ಲಿನ ಪವರ್‌ಲೂಮಿನಲ್ಲಿ ದುಡಿಯುತ್ತಿದ್ದರು. ಆ ಗದ್ದಲದಲ್ಲಿ ಪಕ್ಕದವನ ಮಾತೂ ಕೇಳಿಸದು. ಹಾಗಾಗಿ ಫೋನನ್ನು ಕಿಟಕಿಗೆ ಆನಿಸಿಟ್ಟು, ಒಂದು ಕಣ್ಣು ಎಳೆಗಳ ಮೇಲಿಟ್ಟು, ಎಲ್ಲ ವಿಡಿಯೋಗಳನ್ನೂ ಆವಾಜಿಲ್ಲದೆ ನೋಡುತ್ತಿದ್ದರು. ಸಂಜೆ ಚಹಾದ ಹೊತ್ತಿಗೆ, ಮೆಚ್ಚಿದ್ದನ್ನು ಬೇಕಾದವರಿಗೆ ಹಂಚುತ್ತಿದ್ದರು. "ಕೈ ನೋಡಿದ್ರ ತಿಳೀಬೇಕು. ಬರೇ ಬಾಯಿ ಆಡಸಾಂವ ನಮಗ್ಯಾಕ?" ಎನ್ನುವುದು ಅವರ ಪರೀಕ್ಷೆ.

ಈ ಪರೀಕ್ಷೆ ಕೈಕೊಟ್ಟದ್ದೂ ಉಂಟು. ಯಾರೋ ದೊಡ್ಡ ಬಾಣಲೆಯಲ್ಲಿ ಕಂದು ಪಾಕ ತಿರುವಿ, ತಟ್ಟೆಗೆ ಸುರಿದು, ತುಂಡು ಮಾಡುವ ವಿಡಿಯೋವನ್ನು ಅಮೀನಗಡದಲ್ಲಿ ಕರದಂಟು ಮಾಡುವ ಗೆಳೆಯನಿಗೆ ಕಳಿಸಿದರು. ಕೂಡಲೇ ಫೋನ್ ಬಂತು: "ಲೇ ಬಸ್ಯಾ, ಅದು ಸಾಬೂನಲೇ! ತಿಂದವರು ಬಾಯಾಗ ನೊರಿ ಕಾರ್ತಾರ."

ನನಗೆ ಕಳಿಸಿದ್ದರಲ್ಲಿ ಒಬ್ಬ ಮಾಸ್ತರು ಮೇಜಿನ ಮೇಲೆ ಕಡಲೆಕಾಳಿನ ಗುಡ್ಡೆಗಳನ್ನು ಮಾಡಿದ್ದರು. ಕೆಲವು ದೊಡ್ಡವು, ಕೆಲವು ಸಣ್ಣವು. ಆವಾಜ್ ಹಚ್ಚಿದರೆ, ಮಾತೆಲ್ಲ ತೆಲುಗು!

"ಕಾಕಾ, ನನಗ ತೆಲುಗು ಬರೂದಿಲ್ರಿ."

"ಅದು ತೆಲುಗೇನು? ನನಗ ಎಲ್ಲಾ ತಿಳೀತಲ್ಲ! ಆವಾಜ್ ತಗದು ನೋಡವಾ."

ತೆಗೆದು ನೋಡಿದೆ. ಮಾಸ್ತರು ಗುಡ್ಡೆಗಳನ್ನೆಲ್ಲ ಕೂಡಿಸಿ ಸಮನಾಗಿ ಹಂಚಿದರು, ಅದು ಸರಾಸರಿ. ಮತ್ತೆ ಮೊದಲಿನಂತೆ ಇಟ್ಟು, ಯಾವ ಗುಡ್ಡೆಯಲ್ಲಿ ಸರಾಸರಿಗಿಂತ ಎಷ್ಟು ಕಾಳು ಹೆಚ್ಚು, ಎಷ್ಟು ಕಡಿಮೆ ಎಂದು ಬೆರಳಿನಿಂದ ಸರಿಸಿದರು. ಎರಡು ವರ್ಷ ಬಾಯಿಪಾಠ ಮಾಡಿ ಮರೆತ ವಿಚಲನೆಯ ಸೂತ್ರ ಕಾಳಿನಲ್ಲಿ ಕಂಡಿತು. ಮನೆಯಲ್ಲಿ ಮೊರ ತುಂಬ ಕಡಲೆ ಹರಡಿಕೊಂಡು ಕೂತೆ. "ಪಲ್ಯಾಕ್ಕ ಇಟ್ಟ ಕಾಳ್ರೀ ಅವು, ನೋಡ್ರಿ ನಿಮ್ಮ ಸಾಲಿ!" ಎಂದು ಕಾಕಿ ಗಂಡನನ್ನೇ ಬೈದರು. ಆ ಸಲ ಪಾಸಾದೆ.

ಪ್ರಮಾಣಪತ್ರ ಬರುವ ಹೊತ್ತಿಗೆ ಕಾಕಾ ಇರಲಿಲ್ಲ. ಎದೆನೋವೆಂದು ಬಾಗಲಕೋಟೆಯ ದವಾಖಾನೆಗೆ ಹೋದವರು ತಿರುಗಿ ಬರಲಿಲ್ಲ. ಪತ್ರವನ್ನು ಕಾಕಿಯ ಕೈಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಹಿಡಿದರು, ಹಿಂದೆಮುಂದೆ ತಿರುವಿ ನೋಡಿದರು.

"ಅವರಿದ್ದಿದ್ರ ಅಮೀನಗಡಕ್ಕ ಮೊದಲು ಇದನ್ನ ಕಳಸ್ತಿದ್ರು. ಫೋಟೋ ಹೊಡಿ, ನಾವ ಕಳಸೂಣು," ಎಂದರು. "ಈ ಸಲ ಸಾಬೂನಲ್ಲ ಅಂತ ಹೇಳು."